ನೆತ್ತಿಯ ಹುಳುಕಡ್ಡಿ: ಒಂದು ಬಾಲ್ಯರೋಗದ ಚಿಕಿತ್ಸೆಯ ಚರಿತ್ರೆ

ಮಕ್ಕಳ ಚರ್ಮವನ್ನು ಕಾಡುವ ಸಾಮಾನ್ಯ ರೋಗಗಳಲ್ಲಿ ಕಜ್ಜಿ, ಕೀವುಗುಳ್ಳೆ, ಬೆವರುಸಾಲೆ, ಇಸುಬು ಮುಂತಾದವು ದೊಡ್ಡವರನ್ನೂ ಬಿಡುವುದಿಲ್ಲ; ನೆತ್ತಿಯ ಹುಳುಕಡ್ಡಿಯೊಂದು ಮಾತ್ರ ಬಹುಮಟ್ಟಿಗೆ ಬಾಲ್ಯಕ್ಕೇ ಸೇರಿದ ರೋಗ. ಮೂರರಿಂದ ಹತ್ತು ಹನ್ನೆರಡು ವರ್ಷದವರೆಗಿನ ಮಕ್ಕಳ ತಲೆಯಲ್ಲಿ ದುಂಡನೆಯ ಬೋಳು ಮಚ್ಚೆಗಳಾಗಿ ಕಾಣಿಸಿಕೊಂಡು, ಕೂದಲನ್ನು ಬುಡದ ಹತ್ತಿರವೇ ತುಂಡರಿಸಿ, ಬೂದುಬಣ್ಣದ ಹೊಟ್ಟು ಉದುರಿಸುತ್ತ, ಬಾಚಣಿಗೆ, ಟೊಪ್ಪಿಗೆ, ದಿಂಬು, ಕ್ಷೌರದ ಕತ್ತರಿಗಳ ಮೂಲಕ ಒಂದು ತಲೆಯಿಂದ ಇನ್ನೊಂದಕ್ಕೆ ದಾಟುವ ಈ ರೋಗಕ್ಕೆ ಕಾರಣ ಒಂದು ಜಾತಿಯ ಶಿಲೀಂಧ್ರ, ಅಂದರೆ ಬೂಷ್ಟಿನ ಕುಲಕ್ಕೆ ಸೇರಿದ ಸೂಕ್ಷ್ಮಜೀವಿ. ಕೂದಲು, ಉಗುರು ಮತ್ತು ಚರ್ಮದ ಹೊರಪದರ ಯಾವುದರಿಂದ ಆಗಿವೆಯೋ ಆ ಕೆರಾಟಿನ್ ಎಂಬ ಪ್ರೋಟೀನೇ ಅದರ ಆಹಾರ. ಬಹುತೇಕ ಮಕ್ಕಳಿಗೆ ಇದರಿಂದ ಹೇಳಿಕೊಳ್ಳುವಂಥ ನೋವಿಲ್ಲ, ಪ್ರಾಣಾಪಾಯವಂತೂ ಇಲ್ಲವೇ ಇಲ್ಲ. ಆದರೂ ಇದರ ಚಿಕಿತ್ಸೆಯ ಚರಿತ್ರೆಯನ್ನು ಓದಿದವರಿಗೆ ಮಕ್ಕಳು ರೋಗಕ್ಕಿಂತ ಮದ್ದಿನಿಂದಲೇ ಹೆಚ್ಚು ನರಳಿದರೆಂಬುದು ಮನದಟ್ಟಾಗುತ್ತದೆ. ಆ ನರಳಿಕೆಯ ಹೆಚ್ಚಿನ ಪಾಲು ಅನಾಥ ಮಕ್ಕಳ, ಬಡವರ ಮಕ್ಕಳ ಮತ್ತು ವಲಸೆ ಬಂದವರ ಮಕ್ಕಳ ಪಾಲಿಗೆ ಬಂದಿತೆಂಬುದು ಇನ್ನೂ ಸಂಕಟದ ಸಂಗತಿ.

ಭಾರತದ ವೈದ್ಯಗ್ರಂಥಗಳಿಗೆ ಹುಳುಕಡ್ಡಿ ಹೊಸದಲ್ಲ. ಚರಕ ಮತ್ತು ಸುಶ್ರುತ ಸಂಹಿತೆಗಳೆರಡೂ ‘ದದ್ರು’ ಎಂಬ ಹೆಸರಿನಲ್ಲಿ ಇದನ್ನು ಕುಷ್ಠವೆಂಬ ವಿಶಾಲವಾದ ಚರ್ಮರೋಗಗಳ ಗುಂಪಿನಲ್ಲಿ ಸೇರಿಸಿದ್ದು, ಸುಶ್ರುತ ಸಂಹಿತೆ ಅದನ್ನು ಮಹಾಕುಷ್ಠಗಳ ಸಾಲಿನಲ್ಲಿಟ್ಟರೆ ಚರಕ ಸಂಹಿತೆ ಕ್ಷುದ್ರಕುಷ್ಠಗಳ ಸಾಲಿನಲ್ಲಿಡುತ್ತದೆ. ತಗಚೆಯ ಬೀಜ, ನಾಗಮಲ್ಲಿಗೆಯ ಬೇರು, ಸೀಮೆ ಅಗಸೆಯ ಎಲೆ ಇವುಗಳನ್ನು ಅರೆದು ಹಚ್ಚುವ ರೂಢಿ ಕನ್ನಡನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಪಶ್ಚಿಮ ಕರಾವಳಿಯಲ್ಲಿ ಇದರ ಜೊತೆಗೆ ಇನ್ನೊಂದು ಔಷಧಿಯೂ ಬಳಕೆಯಲ್ಲಿತ್ತು. ‘ಗೋವಾ ಪುಡಿ’ ಎಂದು ಹೆಸರಾಗಿದ್ದ ಆ ಹಳದಿ ಮಿಶ್ರಿತ ಕಂದು ಪುಡಿ ವಾಸ್ತವದಲ್ಲಿ ಬ್ರೆಜಿಲ್ ದೇಶದ ಬಾಹಿಯಾ ಪ್ರಾಂತದ ಅರರೋಬಾ ಎಂಬ ಮರದ ಕಾಂಡದ ಪೊಟರೆಗಳಲ್ಲಿ ಶೇಖರವಾಗುವ ವಸ್ತು. ಪೋರ್ಚುಗೀಸರ ಹಡಗುಗಳಲ್ಲಿ ಗೋವಾಕ್ಕೆ ಬಂದು, ಅಲ್ಲಿಂದ ಮುಂಬಯಿಯವರೆಗೂ ಹುಳುಕಡ್ಡಿಯ ಮದ್ದಾಗಿ ಹರಡಿದ್ದ ಈ ಪುಡಿಯ ಮೂಲ ಯಾವುದೆಂದು ಯುರೋಪಿನ ವೈದ್ಯರಿಗೆ ಖಚಿತವಾದದ್ದು 1870ರ ದಶಕದಲ್ಲಿ. ಅದರಿಂದ ತೆಗೆದ ಕ್ರೈಸರೋಬಿನ್ ಎಂಬ ಸಾರವನ್ನು ಅವರು ಕೂಡಲೇ ಮಕ್ಕಳ ನೆತ್ತಿಗೆ ಹಚ್ಚತೊಡಗಿದರಾದರೂ, ಅದು ಚರ್ಮವನ್ನು ಸುಡುವಂತೆ ಉರಿಸುತ್ತಿತ್ತು, ಬಟ್ಟೆಗೂ ಕೂದಲಿಗೂ ಅಳಿಯದ ಕಲೆ ಹಿಡಿಸುತ್ತಿತ್ತು, ಕಣ್ಣಿಗೆ ತಾಗಿದರೆ ಕಣ್ಣು ಕೆಂಪಾಗಿ ಊದಿಕೊಳ್ಳುತ್ತಿತ್ತು. ಹಚ್ಚುವ ಯಾವ ಮದ್ದಿಗೂ ಇದ್ದ ತೊಡಕು ಇದಕ್ಕೂ ಇತ್ತು. ಮೈಮೇಲಿನ ಹುಳುಕಡ್ಡಿ ಚರ್ಮದ ಹೊರಪದರದಲ್ಲಿ ನಿಲ್ಲುವುದರಿಂದ ಲೇಪಕ್ಕೆ ಸಿಗುತ್ತದೆ. ನೆತ್ತಿಯ ಶಿಲೀಂಧ್ರವಾದರೋ ಕೂದಲಿನ ಗುಂಟ ಅದರ ಬೇರುಗೂಡಿನೊಳಗೆ ಇಳಿದು ಕೂರುತ್ತದೆ, ಮುಲಾಮು ಅಲ್ಲಿಯವರೆಗೆ ತಲುಪುವುದಿಲ್ಲ. ಮುಂದಿನ ಹಲವು ದಶಕಗಳ ಚಿಕಿತ್ಸೆಗಳೆಲ್ಲ ಕೂದಲನ್ನೇ ಬುಡಸಮೇತ ತೆಗೆಯುವ ದಾರಿ ಹಿಡಿದದ್ದಕ್ಕೆ ಈ ಒಂದು ಸಂಗತಿಯೇ ಕಾರಣ.

ಯುರೋಪಿನಲ್ಲಿ ಆ ದಾರಿ ಅದಾಗಲೇ ಹಳೆಯದಾಗಿತ್ತು. ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ 19ನೇ ಶತಮಾನದ ಆರಂಭದವರೆಗೂ ಬಳಸುತ್ತಿದ್ದ ‘ಕ್ಯಾಲೋಟ್’ ಎಂಬುದು, ಹಿಟ್ಟು ಮತ್ತು ವಿನೆಗರ್ ಬೆರೆಸಿ ಕುದಿಸಿದ ಅಂಟಿಗೆ ಡಾಂಬರಿನಂಥ ಕಪ್ಪು ರಾಳವನ್ನು ಸೇರಿಸಿ, ಅದನ್ನು ದಪ್ಪ ಬಟ್ಟೆಯ ಮೇಲೆ ಬಳಿದು ಮಗುವಿನ ತಲೆಗೆ ಟೊಪ್ಪಿಗೆಯಂತೆ ಅಂಟಿಸುವ ಕ್ರಮ. ಕೆಲವು ದಿನಗಳ ನಂತರ ಆ ಟೊಪ್ಪಿಗೆಯನ್ನು ಎಳೆದು ಕಿತ್ತಾಗ ಕೂದಲು ಅದರ ಜೊತೆಗೇ ಬರುತ್ತಿತ್ತು, ಅನೇಕ ವೇಳೆ ಚರ್ಮವೂ. ಇದರ ಬದಲಿಗೆ ಮಾಹೋನ್ ಸಹೋದರರೆಂಬ, ವೈದ್ಯಪದವಿಯಿಲ್ಲದ ಇಬ್ಬರು ಗುಟ್ಟಿನ ಪುಡಿಯೊಂದರಿಂದ ನೋವಿಲ್ಲದೆ ಕೂದಲು ಸಡಿಲಿಸುತ್ತೇವೆಂದು ಮುಂದೆ ಬಂದಾಗ ಆಸ್ಪತ್ರೆಗಳೇ ಅವರಿಗೆ ಮಕ್ಕಳನ್ನು ಒಪ್ಪಿಸಿದವೆಂಬುದು ಕ್ಯಾಲೋಟ್ ಎಷ್ಟು ಅಸಹ್ಯವಾಗಿದ್ದಿರಬಹುದೆಂಬುದನ್ನು ತೋರಿಸುತ್ತದೆ. 1801ರಿಂದ ಚರ್ಮರೋಗಗಳಿಗೇ ಮೀಸಲಾಗಿದ್ದ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ, ಅದೇ ಶತಮಾನದ ನಡುಭಾಗದಲ್ಲಿ ಎರ್ನೆಸ್ಟ್ ಬಜಾನ್ ಎಂಬ ವೈದ್ಯರು ಚಿಮಟದಿಂದ ಒಂದೊಂದೇ ಕೂದಲನ್ನು ಕೀಳಿಸಿ ಬಳಿಕ ಶಿಲೀಂಧ್ರನಾಶಕ ಲೇಪ ಹಚ್ಚುವ ಪದ್ಧತಿಯನ್ನು ಜಾರಿಗೆ ತಂದರು. ಕ್ಯಾಲೋಟ್‌ಗಿಂತ ಇದು ದಯೆಯುಳ್ಳ ಕ್ರಮವೇ ಹೌದು. ಆದರೆ ಚಿಕಿತ್ಸೆ ಒಂದೂವರೆ ಎರಡು ವರ್ಷ ಎಳೆಯುತ್ತಿತ್ತು.

ರೋಗದ ಕಾರಣ ತಿಳಿದ ಬಗೆ ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ ಪರಿಚಿತವಾದ ಒಂದು ಪಿಡುಗಿನ ಜೊತೆ ಹೆಣೆದುಕೊಂಡಿದೆ. ರೇಷ್ಮೆಹುಳು ಸತ್ತು ಬಿಳಿ ಸುಣ್ಣ ಬಳಿದಂತೆ ಗಡುಸಾಗುವ ಸುಣ್ಣಕಟ್ಟು ರೋಗಕ್ಕೆ ಸೂಕ್ಷ್ಮ ಶಿಲೀಂಧ್ರವೊಂದು ಕಾರಣವೆಂದು ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ಸಾಧಿಸಿ ತೋರಿಸಿದರು. ಜೀವಿಯೊಂದರ ರೋಗಕ್ಕೆ ಇನ್ನೊಂದು ಸೂಕ್ಷ್ಮಜೀವಿ ಕಾರಣವಾಗಬಹುದೆಂಬ ಆ ಮಾತಿನಿಂದ ಪ್ರೇರಿತರಾಗಿ ಜ್ಯೂರಿಕ್‌ನ ಯೊಹಾನ್ ಶೋನ್‌ಲೈನ್ 1839ರಲ್ಲಿ ‘ಫೇವಸ್’ ಎಂಬ, ತಲೆಯ ಮೇಲೆ ಬಟ್ಟಲಿನಾಕಾರದ ಹಳದಿ ಹಕ್ಕಳೆ ಕಟ್ಟಿ ಇಲಿಯ ವಾಸನೆ ಹೊಡೆಯುವ, ಹುಳುಕಡ್ಡಿಯ ಅತ್ಯಂತ ಹಠಮಾರಿ ರೂಪದ ಹಕ್ಕಳೆಯಲ್ಲಿ ಶಿಲೀಂಧ್ರದ ಎಳೆಗಳನ್ನು ಕಂಡರು. ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಡೇವಿಡ್ ಗ್ರೂಬಿ 1841ರಿಂದ 1844ರ ಅವಧಿಯಲ್ಲಿ ಇನ್ನೂ ಮುಂದೆ ಹೋಗಿ, ಕೂದಲಿನ ಹೊರಗೆ ಕವಚದಂತೆ ಸುತ್ತಿಕೊಳ್ಳುವ ಶಿಲೀಂಧ್ರ ಬೇರೆ, ಕೂದಲಿನ ಒಳಗೆ ಸರಪಳಿಯಾಗಿ ತುಂಬಿಕೊಳ್ಳುವ ಶಿಲೀಂಧ್ರ ಬೇರೆ ಎಂದು ವಿಂಗಡಿಸಿದರು. ಹೊರಗೆ ಸುತ್ತುವ ಜಾತಿಗೆ ಅವರು ಇಟ್ಟ ಹೆಸರು ಮೈಕ್ರೊಸ್ಪೊರಮ್ ಔಡುವಿನಿ. ಫ್ರಾನ್ಸಿನಲ್ಲಿ ಸುಣ್ಣಕಟ್ಟು ರೋಗವನ್ನೇ ಅಭ್ಯಾಸ ಮಾಡಿದ್ದ ವಿಕ್ಟರ್ ಔಡುವಾನ್ ಎಂಬ ನಿಸರ್ಗ ವಿಜ್ಞಾನಿಯ ಗೌರವಾರ್ಥ ಅದು. ಲೂಯಿ ಪಾಶ್ಚರ್ ಮತ್ತು ರಾಬರ್ಟ್ ಕಾಖ್ ರೋಗಾಣು ಸಿದ್ಧಾಂತವನ್ನು ಲೋಕಕ್ಕೆ ಒಪ್ಪಿಸುವುದಕ್ಕೆ ದಶಕಗಳಷ್ಟು ಮೊದಲೇ ಮಕ್ಕಳ ತಲೆಯ ಹೊಟ್ಟಿನಲ್ಲಿ ಅದು ಸಾಬೀತಾಗಿತ್ತೆಂಬುದನ್ನು ವೈದ್ಯಚರಿತ್ರೆ ಇಂದಿಗೂ ಸಾಕಷ್ಟು ಒತ್ತಿ ಹೇಳಿಲ್ಲ. ಗ್ರೂಬಿಯವರ ಮಾತನ್ನು ಸಮಕಾಲೀನರು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅರ್ಧ ಶತಮಾನದ ನಂತರ ಈ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡವರು ರೇಮಂ ಸಬುರೋ (1864–1938). ಆ ಹೊತ್ತಿಗೆ ರೋಗಕ್ಕೆ ಹೊಸ ಅರ್ಥವೊಂದು ಬಂದುಬಿಟ್ಟಿತ್ತು. ಫ್ರಾನ್ಸಿನಲ್ಲಿ 1882ರ ಕಾನೂನಿನಿಂದ, ಇಂಗ್ಲೆಂಡಿನಲ್ಲಿ 1880ರ ಕಾನೂನಿನಿಂದ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಿ, ಹಿಂದೆ ಬೀದಿಯಲ್ಲೋ ಕಾರ್ಖಾನೆಯಲ್ಲೋ ಚದುರಿಕೊಂಡಿರುತ್ತಿದ್ದ ಮಕ್ಕಳು ಒಂದೇ ಕೋಣೆಯಲ್ಲಿ ತಲೆಗೆ ತಲೆ ತಾಗುವಂತೆ ಕೂತರು. ಸೋಂಕು ಹರಡಿತು, ಹರಡಿದ್ದು ಎದ್ದು ಕಾಣಿಸಿತು. ಒಂದು ಕಡೆ ಶಾಲೆಗೆ ಬಾರದಿದ್ದರೆ ಕಾನೂನು ಹಿಡಿಯುತ್ತಿತ್ತು, ಇನ್ನೊಂದು ಕಡೆ ತಲೆಯಲ್ಲಿ ಮಚ್ಚೆ ಕಂಡರೆ ಶಾಲೆ ಹೊರಗೆ ಕಳಿಸುತ್ತಿತ್ತು. ಎರಡು ವರ್ಷ ಶಾಲೆ ತಪ್ಪಿದ ಬಡವರ ಮಗುವಿಗೆ ಆ ಎರಡು ವರ್ಷಗಳು ಮತ್ತೆ ಸಿಗುವಂತಿರಲಿಲ್ಲ. ಸೇಂಟ್ ಲೂಯಿ ಆಸ್ಪತ್ರೆಯ ಆವರಣದಲ್ಲಿ ಹುಳುಕಡ್ಡಿಯ ಮಕ್ಕಳಿಗೆಂದೇ ತೆರೆದ ಲೈಯೆ ಶಾಲೆಯಲ್ಲಿ ಮಕ್ಕಳು ಅಲ್ಲಿಯೇ ಉಳಿದು, ಚಿಕಿತ್ಸೆ ಪಡೆಯುತ್ತ ಓದುತ್ತಿದ್ದರು. ಲಂಡನ್ನಿನಲ್ಲಿ ಬಡವರ ಆಶ್ರಯಗೃಹಗಳ ಹುಳುಕಡ್ಡಿ ಮಕ್ಕಳನ್ನು ನಗರದ ಹೊರಗಿನ ಸಟನ್ ಮುಂತಾದ ಕಡೆ ಪ್ರತ್ಯೇಕ ವಸತಿಶಾಲೆಗಳಲ್ಲಿ ಇರಿಸಲಾಯಿತು. ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಇದೇ ಮಚ್ಚೆ ದೇಶದ ಬಾಗಿಲನ್ನೇ ಮುಚ್ಚುತ್ತಿತ್ತು: ಅಮೆರಿಕದ 1891ರ ವಲಸೆ ಕಾನೂನು ‘ಹೇಸಿಗೆ ಹುಟ್ಟಿಸುವ ಅಥವಾ ಅಪಾಯಕಾರಿಯಾದ’ ಅಂಟುರೋಗವಿದ್ದವರನ್ನು ತಡೆದದ್ದರಿಂದ, ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದಲ್ಲಿ ಮಗುವಿನ ತಲೆಯ ಫೇವಸ್ ಹಕ್ಕಳೆ ಕುಟುಂಬವನ್ನು ಇಬ್ಭಾಗ ಮಾಡಬಲ್ಲುದಾಗಿತ್ತು.

ಸಬುರೋ ಅವರು ಮೊದಲು ಶಿಲೀಂಧ್ರಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಕೆಲಸವನ್ನು ಕ್ರಮಬದ್ಧಗೊಳಿಸಿದರು. ಸಕ್ಕರೆ, ಪೆಪ್ಟೋನ್ ಮತ್ತು ಕಡಲಪಾಚಿಯ ಅಗರ್ ಬೆರೆಸಿ ಅವರು ರೂಪಿಸಿದ ಮಾಧ್ಯಮ ಇಂದಿಗೂ ಅವರ ಹೆಸರಿನಲ್ಲೇ ಉಳಿದಿದ್ದು, ಕರ್ನಾಟಕದ ವೈದ್ಯಕೀಯ ಕಾಲೇಜುಗಳ ಪ್ರಯೋಗಾಲಯಗಳಲ್ಲೂ ಹುಳುಕಡ್ಡಿಯ ಹೊಟ್ಟನ್ನು ಬೆಳೆಸುವುದು ಅದರ ಮೇಲೆಯೇ. ಅವರ ಎರಡನೆಯ ಕೊಡುಗೆಯ ಕಥೆ ಬೇರೆ. ವಿಯೆನ್ನಾದ ಲಿಯೊಪೊಲ್ಡ್ ಫ್ರಾಯಿಂಡ್ 1896ರಲ್ಲಿ, ಕ್ಷ-ಕಿರಣ ಪತ್ತೆಯಾದ ಮರುವರ್ಷವೇ, ಪುಟ್ಟ ಬಾಲಕಿಯೊಬ್ಬಳ ಬೆನ್ನಿನ ಮೇಲಿನ ಕೂದಲುಳ್ಳ ದೊಡ್ಡ ಮಚ್ಚೆಗೆ ಆ ಕಿರಣವನ್ನು ಹಾಯಿಸಿ ಕೂದಲು ಉದುರಿಸಿದ್ದರು. ಅವಳ ಬೆನ್ನಿನಲ್ಲಿ ಹುಣ್ಣಾಯಿತೆಂಬುದು ಆ ಸುದ್ದಿಯಷ್ಟು ವೇಗವಾಗಿ ಹರಡಲಿಲ್ಲ. 1904ರಲ್ಲಿ ಸಬುರೋ ಮತ್ತು ಆನ್ರಿ ನ್ವಾರೆ ಕಿರಣದ ಪ್ರಮಾಣವನ್ನು ಅಳೆಯಲು ಬಣ್ಣ ಬದಲಿಸುವ ಒಂದು ಸಣ್ಣ ಬಿಲ್ಲೆಯನ್ನು ಬಳಕೆಗೆ ತಂದರು. ಬೇರಿಯಂ ಪ್ಲಾಟಿನೊಸಯನೈಡ್ ಲೇಪಿಸಿದ ಈ ಬಿಲ್ಲೆಯನ್ನು ಕಿರಣ ಕೊಳವೆಗೂ ನೆತ್ತಿಗೂ ನಡುವೆ ಇಟ್ಟು, ಅದರ ಹಸಿರು ಛಾಯೆ ನಿಗದಿತ ಕಂದು ಛಾಯೆಗೆ ತಿರುಗಿದ ಕೂಡಲೇ ಯಂತ್ರವನ್ನು ನಿಲ್ಲಿಸಬೇಕು. ಕಡಿಮೆಯಾದರೆ ಕೂದಲು ಉದುರುವುದಿಲ್ಲ, ಹೆಚ್ಚಾದರೆ ಮತ್ತೆಂದೂ ಹುಟ್ಟುವುದಿಲ್ಲ. ಸರಿಯಾದ ಪ್ರಮಾಣ ಬಿದ್ದ ನೆತ್ತಿಯಿಂದ ಎರಡು ಮೂರು ವಾರಗಳಲ್ಲಿ ಕೂದಲು ತಾನಾಗಿ ಕಳಚಿಕೊಂಡು, ಕೆಲವು ತಿಂಗಳಲ್ಲಿ ಶುದ್ಧವಾದ ಹೊಸ ಕೂದಲು ಬರುತ್ತಿತ್ತು. ಎರಡು ವರ್ಷದ ಚಿಕಿತ್ಸೆ ಮೂರು ತಿಂಗಳಿಗೆ ಇಳಿಯಿತು. ಚಿಮಟದ ಕೆಳಗೆ ಅಳುತ್ತಿದ್ದ ಮಕ್ಕಳನ್ನು ದಿನವೂ ಕಂಡಿದ್ದ ವೈದ್ಯರು ಇದನ್ನು ವರವೆಂದು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ, ಅವರನ್ನು ಹಳಿಯುವುದೂ ನ್ಯಾಯವಲ್ಲ.

ಈ ವಿಧಾನಕ್ಕೆ ಶಾಶ್ವತ ರೂಪ ಕೊಟ್ಟವರು ಲಂಡನ್ನಿನ ಹೊರೇಶಿಯೊ ಆಡಮ್‌ಸನ್. ವಿಯೆನ್ನಾದ ಕೀನ್‌ಬೋಕ್ ಅವರ ಯೋಚನೆಯನ್ನು ಸರಳಗೊಳಿಸಿ ಅವರು 1909ರಲ್ಲಿ ಪ್ರಕಟಿಸಿದ ಕ್ರಮದಂತೆ, ಮಗುವಿನ ತಲೆ ಬೋಳಿಸಿ, ನಡುಗೆರೆಯ ಮೇಲೆ ಹಣೆಯ ಕಡೆಯಿಂದ ಹಿಂದಲೆಯವರೆಗೆ ಮೂರು, ಎರಡೂ ಪಕ್ಕಗಳಲ್ಲಿ ಕಿವಿಗಳ ಮೇಲೆ ಒಂದೊಂದು, ಹೀಗೆ ಐದು ಬಿಂದುಗಳನ್ನು ಒಂದರಿಂದೊಂದು ಐದು ಅಂಗುಲ ದೂರವಿರುವಂತೆ ಗುರುತಿಸಬೇಕು. ಪ್ರತಿಯೊಂದು ಬಿಂದುವಿನ ನೇರಕ್ಕೆ ಕೊಳವೆಯನ್ನು ನಿಲ್ಲಿಸಿ ಒಂದೊಂದು ಸಲ ಕಿರಣ ಹಾಯಿಸಿದರೆ, ಒಂದರ ಅಂಚು ಇನ್ನೊಂದರ ಅಂಚಿನ ಮೇಲೆ ಬಿದ್ದು ಇಡೀ ನೆತ್ತಿಗೆ ಸಮನಾದ ಪ್ರಮಾಣ ಸಿಗುತ್ತದೆ. ಲೆಕ್ಕಾಚಾರವಾಗಿ ಇದು ಅಚ್ಚುಕಟ್ಟಾದದ್ದು. ಆದರೆ ಅಲ್ಲಾಡದೆ ಕೂರಬೇಕಾಗಿದ್ದ ಆ ಮಗುವಿಗೆ ಐದೋ ಆರೋ ವರ್ಷ. ಅದರ ನೆತ್ತಿಯ ತೆಳುವಾದ ಮೂಳೆಯ ಕೆಳಗೆ ಬೆಳೆಯುತ್ತಿರುವ ಮಿದುಳಿತ್ತು, ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯಿತ್ತು. ಆಡಮ್‌ಸನ್ ಅವರ ಲೆಕ್ಕ ಕೂದಲಿನ ಬೇರಿಗೆ ನಿಂತುಹೋಗಿತ್ತು. ಮುಂದಿನ ಐವತ್ತು ವರ್ಷ ಇದೇ ಐದು ಬಿಂದುಗಳು ಲಂಡನ್ನಿನಿಂದ ನ್ಯೂಯಾರ್ಕ್‌ವರೆಗೆ, ವಾರ್ಸಾದಿಂದ ಹೈಫಾವರೆಗೆ ಲಕ್ಷಾಂತರ ತಲೆಗಳ ಮೇಲೆ ಗುರುತಾದವು.

ಯಂತ್ರ ಇಲ್ಲದ ಕಡೆ ಥ್ಯಾಲಿಯಂ ಎಂಬ ಲೋಹದ ಲವಣವನ್ನು ಮಕ್ಕಳಿಗೆ ಕುಡಿಸಿ ಕೂದಲು ಉದುರಿಸುವ ಪದ್ಧತಿ ಎರಡು ಮಹಾಯುದ್ಧಗಳ ನಡುವೆ ಬಳಕೆಗೆ ಬಂತು. ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ ಎಂಟು ಮಿಲಿಗ್ರಾಮಿನಂತೆ ಒಂದೇ ಸಲ ಕೊಡಬೇಕಾಗಿದ್ದ ಈ ಲವಣದಲ್ಲಿ ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವಣ ಅಂತರ ತೀರ ಕಿರಿದು. ತೂಗುವಾಗ ಆದ ತಪ್ಪಿನಿಂದ 1930ರಲ್ಲಿ ಸ್ಪೇನಿನ ಗ್ರನಾಡದ ಅನಾಥಾಲಯವೊಂದರ ಹಲವು ಮಕ್ಕಳು ಸತ್ತರು. ಇಲಿ ಪಾಷಾಣವಾಗಿಯೂ ಮಾರಾಟವಾಗುತ್ತಿದ್ದ ವಸ್ತುವನ್ನು ಜೀವಕ್ಕೆ ಅಪಾಯವಿಲ್ಲದ ರೋಗಕ್ಕೆ, ಅದೂ ತಂದೆತಾಯಿಗಳಿಲ್ಲದ ಮಕ್ಕಳಿಗೆ ಕುಡಿಸಿದ್ದನ್ನು ಆ ಕಾಲದ ಅರಿವಿನ ಮಿತಿಯೆಂದು ಹೇಳಿ ದಾಟಿಬಿಡಲು ಬರುವುದಿಲ್ಲ, ಏಕೆಂದರೆ ಥ್ಯಾಲಿಯಂ ವಿಷವೆಂಬುದು ಆಗಲೂ ಗೊತ್ತಿತ್ತು.

ರೋಗ ಹದಿಹರೆಯದಲ್ಲಿ ತಾನಾಗಿ ವಾಸಿಯಾಗುತ್ತದೆಂಬುದೂ ವೈದ್ಯರಿಗೆ ತಿಳಿದೇ ಇತ್ತು. ಏಕೆಂಬುದನ್ನು ಷಿಕಾಗೊದ ಸ್ಟೀಫನ್ ರಾತ್‌ಮನ್ ಮತ್ತು ಅವರ ಸಹೋದ್ಯೋಗಿಗಳು 1940ರ ದಶಕದಲ್ಲಿ ಹುಡುಕಿದರು. ಪ್ರಾಯಕ್ಕೆ ಬರುವಾಗ ತಲೆಚರ್ಮದ ಜಿಡ್ಡಿನ ಗ್ರಂಥಿಗಳು ಚುರುಕಾಗುತ್ತವೆ. ದೊಡ್ಡವರ ಕೂದಲಿನ ಜಿಡ್ಡಿನಲ್ಲಿರುವ ಕೆಲವು ಕೊಬ್ಬಿನಾಮ್ಲಗಳು ಮೈಕ್ರೊಸ್ಪೊರಮ್ ಔಡುವಿನಿಯ ಬೆಳವಣಿಗೆಯನ್ನು ತಡೆಯುತ್ತವೆ, ಮಕ್ಕಳ ಕೂದಲಿನಲ್ಲಿ ಅವು ಅಷ್ಟಾಗಿ ಇರುವುದಿಲ್ಲ. ಬಾಲ್ಯಕ್ಕೆ ಮಾತ್ರ ಅಂಟಿಕೊಂಡ ಈ ರೋಗದ ವಯೋಮಾನಕ್ಕೆ ಇದೊಂದು ಮುಖ್ಯ ವಿವರಣೆ. ಎಲ್ಲ ಜಾತಿಯ ಶಿಲೀಂಧ್ರಕ್ಕೂ ಇದು ಅನ್ವಯಿಸದು: ಫೇವಸ್ ಪ್ರಾಯ ಕಳೆದರೂ ಬಿಡದೆ, ಕೂದಲಿನ ಬೇರನ್ನು ನಾಶಮಾಡಿ ಶಾಶ್ವತ ಬೋಳು ಕಲೆ ಉಳಿಸುತ್ತದೆ. ಆದರೆ ಲಂಡನ್ ಮತ್ತು ನ್ಯೂಯಾರ್ಕಿನ ಬಹುಪಾಲು ಮಕ್ಕಳಿಗಿದ್ದದ್ದು ಔಡುವಿನಿ ಜಾತಿಯೇ. ಕೆಲವು ವರ್ಷ ಕಾದಿದ್ದರೆ ಅವರಲ್ಲಿ ಹೆಚ್ಚಿನವರು ಯಾವ ಕಿರಣವೂ ಇಲ್ಲದೆ ಗುಣವಾಗುತ್ತಿದ್ದರು. ಕಾಯಲು ಬಿಡದೆ ಇದ್ದದ್ದು ಶಾಲೆಯ ನಿಯಮ ಮತ್ತು ನೆರೆಹೊರೆಯ ಹೇಸಿಗೆ.

ಇಸ್ರೇಲಿನಲ್ಲಿ ನಡೆದದ್ದು ಈ ಚರಿತ್ರೆಯ ಅತ್ಯಂತ ದುಃಖದ ಅಧ್ಯಾಯ. ಎರಡು ಯುದ್ಧಗಳ ನಡುವೆ ಪೂರ್ವ ಯುರೋಪಿನ ಯಹೂದಿ ಸಂಸ್ಥೆಗಳು, ಮಕ್ಕಳು ವಲಸೆಯ ಬಾಗಿಲಲ್ಲಿ ತಡೆಯಲ್ಪಡಬಾರದೆಂಬ ಕಳಕಳಿಯಿಂದಲೇ, 20 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಕಿರಣ ಚಿಕಿತ್ಸೆ ಕೊಡಿಸಿದ್ದವು. 1948ರ ನಂತರ ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಾದ ದೇಶಗಳಿಂದ ವಲಸಿಗರು ಬಂದಾಗ, ಹೈಫಾದ ಬಳಿಯ ಶಾರ್ ಹಾಅಲಿಯಾ ಶಿಬಿರವೂ ಸೇರಿದಂತೆ ಹಲವೆಡೆ, ಸುಮಾರು 20 ಸಾವಿರ ಮಕ್ಕಳ ನೆತ್ತಿಗೆ ಅದೇ ಐದು ಬಿಂದುಗಳ ಕ್ರಮದಲ್ಲಿ ಕಿರಣ ಹಾಯಿಸಲಾಯಿತು. ಭಾಷೆ ಬಾರದ, ನೆಲೆ ಸಿಗದ ತಂದೆತಾಯಿಗಳಿಗೆ ಏನು ನಡೆಯುತ್ತಿದೆಯೆಂದು ಅನೇಕ ಸಲ ತಿಳಿಸಲೂ ಇಲ್ಲ. ಬಾರೂಖ್ ಮೊಡಾನ್ ಮತ್ತು ಸಂಗಡಿಗರು ಇಂಥ ಸುಮಾರು 11 ಸಾವಿರ ಮಂದಿಯನ್ನು, ಕಿರಣ ತಾಗದಿದ್ದ ಅವರ ಒಡಹುಟ್ಟಿದವರು ಮತ್ತು ಇತರರೊಡನೆ ಹೋಲಿಸಿ, ತಲೆ ಮತ್ತು ಕುತ್ತಿಗೆಯ ಗಡ್ಡೆಗಳು ಇವರಲ್ಲಿ ಗಮನಾರ್ಹವಾಗಿ ಹೆಚ್ಚಿವೆಯೆಂದು 1974ರಲ್ಲಿ ಪ್ರಕಟಿಸಿದರು. ಮಿದುಳಿಗೆ ಬಿದ್ದ ಸರಾಸರಿ ಪ್ರಮಾಣ ಸುಮಾರು 1.5 ಗ್ರೇ, ‘ಗ್ರೇ’ ಎಂದರೆ ದೇಹ ಹೀರಿಕೊಂಡ ವಿಕಿರಣದ ಅಳತೆ. 1988ರ ಅಧ್ಯಯನದಲ್ಲಿ ಮಿದುಳಿನ ಹೊದಿಕೆಯ ಗಡ್ಡೆಯಾದ ಮೆನಿಂಜಿಯೋಮ ಇವರಲ್ಲಿ ಒಂಬತ್ತು ಪಟ್ಟಿಗೂ ಹೆಚ್ಚಿತ್ತು. ನ್ಯೂಯಾರ್ಕಿನಲ್ಲಿ ಚಿಕಿತ್ಸೆ ಪಡೆದ ಸುಮಾರು 2,200 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೂ ನೆತ್ತಿಯ ಚರ್ಮದ ಕ್ಯಾನ್ಸರ್ ಹೆಚ್ಚಿದ್ದನ್ನು ಕಂಡಿತು. ಇಸ್ರೇಲಿನ ಸಂಸತ್ತು 1994ರಲ್ಲಿ ಸಂತ್ರಸ್ತರಿಗೆ ಪರಿಹಾರ ಕೊಡುವ ಕಾನೂನು ಮಾಡಿತು. ಸಣ್ಣ ಪ್ರಮಾಣದ ವಿಕಿರಣ ಮಕ್ಕಳ ಮಿದುಳು ಮತ್ತು ಥೈರಾಯ್ಡಿಗೆ ಎಷ್ಟು ಹಾನಿ ಮಾಡಬಲ್ಲುದೆಂಬುದರ ಬಗ್ಗೆ ವಿಜ್ಞಾನಕ್ಕೆ ಇಂದು ಇರುವ ತಿಳಿವಳಿಕೆಯ ಒಂದು ದೊಡ್ಡ ಭಾಗ ಬಂದಿರುವುದು ಈ ಮಕ್ಕಳಿಂದಲೇ. ಮಕ್ಕಳಿಗೆ ಸಿಟಿ ಸ್ಕ್ಯಾನ್ ಬರೆಯುವ ಮುನ್ನ ವೈದ್ಯರು ಹಿಂದೆಮುಂದೆ ನೋಡುವುದಕ್ಕೆ ಈ ಅಧ್ಯಯನಗಳೂ ಒಂದು ಕಾರಣ.

ಕಿರಣದ ಯುಗ ಮುಗಿದದ್ದು ಅದರ ಹಾನಿ ತಿಳಿದುದರಿಂದಲ್ಲ, ಬೇರೊಂದು ಔಷಧಿ ಸಿಕ್ಕಿದ್ದರಿಂದ. ಪೆನಿಸಿಲಿಯಂ ಕುಲದ ಬೂಷ್ಟೊಂದರಿಂದ ಗ್ರಿಸಿಯೋಫಲ್ವಿನ್ ಎಂಬ ವಸ್ತುವನ್ನು 1939ರಲ್ಲೇ ಬೇರ್ಪಡಿಸಲಾಗಿದ್ದು, ಅದು ಶಿಲೀಂಧ್ರದ ಎಳೆಗಳನ್ನು ಸುರುಳಿಯಾಗಿ ತಿರುಚುತ್ತದೆಂದು ಕಂಡು ಸಸ್ಯರೋಗಗಳಿಗೆ ಬಳಸುವ ಪ್ರಯತ್ನಗಳು ನಡೆದಿದ್ದವು. ಗ್ಲಾಸ್ಗೊದ ಜೇಮ್ಸ್ ಜೆಂಟಲ್ಸ್ 1958ರಲ್ಲಿ ಹುಳುಕಡ್ಡಿ ತಗಲಿದ ಗಿನಿಯಿಲಿಗಳಿಗೆ ಇದನ್ನು ಬಾಯಿಯ ಮೂಲಕ ಕೊಟ್ಟು ಗುಣಪಡಿಸಿದರು. ವರ್ಷದೊಳಗೆ ಮಕ್ಕಳಿಗೂ ಅದು ಸಿಕ್ಕಿತು. ಹೊಟ್ಟೆಯಿಂದ ರಕ್ತಕ್ಕೆ ಸೇರಿ, ಹೊಸದಾಗಿ ಬೆಳೆಯುವ ಕೂದಲಿನ ಕೆರಾಟಿನ್‌ನಲ್ಲಿ ಕೂತು, ಶಿಲೀಂಧ್ರಕ್ಕೆ ಮುಂದೆ ಬೆಳೆಯಲು ಜಾಗವಿಲ್ಲದಂತೆ ಮಾಡುವ ಈ ಮಾತ್ರೆಗೆ ಆರರಿಂದ ಎಂಟು ವಾರ ಸಾಕಾಗುತ್ತಿತ್ತು. ಬೇರುಗೂಡಿನೊಳಗೆ ಹೊರಗಿನಿಂದ ತಲುಪಲಾಗದೆಂಬ ಹಳೆಯ ತೊಡಕು, ಒಳಗಿನಿಂದ ತಲುಪುವುದರಿಂದ ಬಿಡಿಸಿಕೊಂಡಿತು. ಚಿಕಿತ್ಸೆ ಆರಂಭವಾದ ಮೇಲೆ ಮಗುವನ್ನು ಶಾಲೆಯಿಂದ ದೂರ ಇಡಬೇಕಾಗಿಲ್ಲವೆಂಬುದು ಬ್ರಿಟನ್ನಿನ ಇಂದಿನ ಆರೋಗ್ಯ ಸಲಹೆ.

ಭಾರತದಲ್ಲಿ ನೆತ್ತಿಯ ಹುಳುಕಡ್ಡಿಗೆ ಬಹುಮಟ್ಟಿಗೆ ಕಾರಣವಾಗಿರುವುದು ಟ್ರೈಕೊಫೈಟಾನ್ ವಯೊಲೇಸಿಯಂ ಎಂಬ, ಕೂದಲಿನ ಒಳಗೆ ತುಂಬಿಕೊಳ್ಳುವ ಜಾತಿ. ಔಡುವಿನಿಯಂತೆ ಇದು ವುಡ್ ದೀಪದ ನೇರಳಾತೀತ ಬೆಳಕಿನಲ್ಲಿ ಹಸಿರಾಗಿ ಹೊಳೆಯುವುದಿಲ್ಲವಾದ್ದರಿಂದ, ಕತ್ತಲೆ ಕೋಣೆಯಲ್ಲಿ ಇಡೀ ತರಗತಿಯ ತಲೆಗಳನ್ನು ದೀಪದಡಿ ಪರೀಕ್ಷಿಸುತ್ತಿದ್ದ ಯುರೋಪಿನ ಉಪಾಯ ಇಲ್ಲಿ ನೆರವಾಗದು. ಹೊಟ್ಟನ್ನೂ ಮುರಿದ ಕೂದಲನ್ನೂ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಕೆಲವು ಮಕ್ಕಳಲ್ಲಿ ದೇಹ ಶಿಲೀಂಧ್ರದ ವಿರುದ್ಧ ತೀವ್ರವಾಗಿ ಪ್ರತಿಕ್ರಿಯಿಸಿ, ಕೀವು ಸೋರುವ ಮೆತ್ತನೆಯ ಊತ ಏಳುತ್ತದೆ. ‘ಕೀರಿಯಾನ್’ ಎಂದು ಕರೆಯುವ ಇದನ್ನು ಕುರುವೆಂದು ತಿಳಿದು ಕೊಯ್ಯುವುದುಂಟು, ಕೊಯ್ದರೆ ಕಲೆ ಉಳಿಯುತ್ತದೆ, ರೋಗ ಹೋಗುವುದಿಲ್ಲ. ಇದಕ್ಕಿಂತ ದೊಡ್ಡ ಕಳವಳ ಮೈಮೇಲಿನ ಹುಳುಕಡ್ಡಿಯದು. 20ನೇ ಶತಮಾನದ ಬಹುಭಾಗ ವಿಟ್‌ಫೀಲ್ಡ್ ಮುಲಾಮು, ಅಂದರೆ ಬೆಂಜೋಯಿಕ್ ಮತ್ತು ಸ್ಯಾಲಿಸಿಲಿಕ್ ಆಮ್ಲಗಳ ಸರಳ ಮಿಶ್ರಣ, ಹಚ್ಚಿದರೆ ಹೋಗುತ್ತಿದ್ದ ರೋಗ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಮಾತ್ರೆಗೂ ಬಗ್ಗದಂತಾಗಿದೆ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟೀರಾಯ್ಡ್ ಬೆರೆತ ಕ್ರೀಮುಗಳು ತುರಿಕೆಯನ್ನು ಒಂದೇ ದಿನದಲ್ಲಿ ಅಡಗಿಸಿ, ಚರ್ಮದ ರಕ್ಷಣೆಯನ್ನು ಕುಗ್ಗಿಸಿ, ಶಿಲೀಂಧ್ರಕ್ಕೆ ಹರಡಲು ಎಡೆ ಮಾಡಿಕೊಟ್ಟದ್ದನ್ನು ಭಾರತದ ಚರ್ಮವೈದ್ಯರು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದಾಗಿ ಎಣಿಸುತ್ತಾರೆ. ಈ ಹಾವಳಿಯ ಹಿಂದಿರುವ, ಟರ್ಬಿನಾಫಿನ್ ಎಂಬ ಬಳಕೆಯ ಔಷಧಿಗೆ ಅನೇಕ ಸಲ ಜಗ್ಗದ ಜಾತಿಗೆ ಜಪಾನಿನ ಸಂಶೋಧಕರು 2020ರಲ್ಲಿ ಟ್ರೈಕೊಫೈಟಾನ್ ಇಂಡೊಟೀನಿಯೆ ಎಂದು ಹೆಸರಿಟ್ಟಿದ್ದಾರೆ. ಹಿಂದೆ ಮಗುವಿನ ತಲೆಯಿಂದ ಮಗುವಿನ ತಲೆಗೆ ದಾಟುತ್ತಿದ್ದ ಹುಳುಕಡ್ಡಿ ಈಗ ತಂದೆತಾಯಿಗಳ ಮೈಯಿಂದ ಎಳೆಗೂಸಿಗೂ ಹತ್ತುತ್ತಿರುವುದರಿಂದ, ಮಗುವಿಗೆ ಔಷಧಿ ಬರೆಯುವ ವೈದ್ಯರು ಮನೆಮಂದಿಯೆಲ್ಲರ ಚರ್ಮವನ್ನೂ ನೋಡಿ, ಒಟ್ಟಿಗೇ ಚಿಕಿತ್ಸೆ ಕೊಡಬೇಕಾಗಿ ಬಂದಿದೆ. ಮನೆಯಲ್ಲಿ ಉಳಿದಿರುವ ಕ್ರೀಮಿನ ಟ್ಯೂಬನ್ನು ತರಿಸಿ ಅದರಲ್ಲಿ ಏನೇನು ಬೆರೆತಿದೆಯೆಂದು ಓದುವುದೂ ಈಗ ಆ ತಪಾಸಣೆಯ ಭಾಗವೇ ಆಗಿದೆ.